ಬಟ್ಟೆ ಹೊದಿಸಿದ ಪುಟ್ಟ ನೋಟ್‌ಬುಕ್, ಅದಕ್ಕೊಂದು ಲಾಡಿ ಚೀಲ, ಜೊತೆಗೊಂದು ಕಾಗದದ ಡಬ್ಬಿ

ಕೈಯಾರೆ ಮಾಡಿದ ನೋಟ್‌ಬುಕ್ಕಿನ ರಟ್ಟು ಎರಡು ದಿನ ಕಳೆಯುವಷ್ಟರಲ್ಲಿ ಬಾಗಿಕೊಳ್ಳುತ್ತದೆ. ಮುತುವರ್ಜಿಯಿಂದ ಹೊಲಿದ ಚೀಲ ಒಂದು ಸಲ ಒಗೆದ ಮೇಲೆ ಸೊಟ್ಟಗಾಗುತ್ತದೆ. ಆಗ ಹೆಚ್ಚಿನವರು "ಇದೆಲ್ಲ ನನಗೆ ಬರೋದಲ್ಲ" ಅಂದುಕೊಂಡು ಕತ್ತರಿ, ಸೂಜಿ ಎತ್ತಿಟ್ಟುಬಿಡುತ್ತಾರೆ. ನಿಜ ಹೇಳಬೇಕೆಂದರೆ ಕೈಯ ನಾಜೂಕಿಗೂ ಇದಕ್ಕೂ ಅಷ್ಟಾಗಿ ಸಂಬಂಧವಿಲ್ಲ. ಬಟ್ಟೆಗೂ ಕಾಗದಕ್ಕೂ ಒಂದೊಂದು ದಿಕ್ಕಿದೆ. ಅದನ್ನು ನೋಡದೆ ಕತ್ತರಿಸಿದರೆ ಎಷ್ಟು ಚೆನ್ನಾಗಿ ಅಂಟಿಸಿದರೂ, ಹೊಲಿದರೂ ಕೆಲಸ ಕೈಕೊಡುತ್ತದೆ. ದಿಕ್ಕು ನೋಡಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ದಯವಿಟ್ಟು ಉಳಿಸಬೇಡಿ.

ಇಲ್ಲಿ ಮೂರು ಸಾಮಾನು ಮಾಡೋಣ. ಅಂಗೈಗಿಂತ ಸ್ವಲ್ಪ ದೊಡ್ಡ ನೋಟ್‌ಬುಕ್, ಅದನ್ನು ಇಟ್ಟುಕೊಳ್ಳಲು ಚೀಲ, ಮಿಕ್ಕ ಸೂಜಿ ದಾರ ತುಂಬಿಡಲು ಡಬ್ಬಿ. ಹೊಲಿಗೆ ಯಂತ್ರ ಬೇಡ. ನೋಟ್‌ಬುಕ್ಕಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಬಟ್ಟೆ ಮತ್ತು ಕಾಗದ ಒಂದಕ್ಕೊಂದು ಹೊಂದಿಕೊಂಡು ಹೋಗಬೇಕಾದ್ದು ಅಲ್ಲೇ.

ದಿಕ್ಕು ನೋಡುವುದು ಹೇಗೆ

ಯಂತ್ರದಲ್ಲಿ ಕಾಗದ ತಯಾರಾಗುವಾಗ ನೀರಿನಲ್ಲಿ ಕಲಸಿದ ನಾರು ಓಡುವ ಜಾಲರಿಯ ಮೇಲೆ ಬೀಳುತ್ತದೆ. ಜಾಲರಿ ಓಡುವ ಕಡೆಗೇ ಬಹುಪಾಲು ನಾರುಗಳು ಮುಖ ಮಾಡಿ ಮಲಗುತ್ತವೆ. ಹೀಗಾಗಿ ಕಾಗದ ಒಂದು ಕಡೆಗೆ ಸಲೀಸಾಗಿ ಮಡಚಿಕೊಳ್ಳುತ್ತದೆ, ಇನ್ನೊಂದು ಕಡೆಗೆ ಹಟ ಮಾಡುತ್ತದೆ. ನೀರು ತಾಗಿದಾಗ ನಾರು ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಅಂಟಿನಲ್ಲಿ ನೀರು ಇದ್ದೇ ಇರುತ್ತದೆ ಅಲ್ವಾ? ಅಂಟು ಹಚ್ಚಿದ ಕಾಗದ ಅಡ್ಡಕ್ಕೆ ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತಾ ರಟ್ಟನ್ನೂ ಎಳೆಯುತ್ತದೆ. ರಟ್ಟು ಬಾಗುವುದು ಇದರಿಂದ.

ಪರೀಕ್ಷೆ ಹೀಗೆ. ಹಾಳೆಯನ್ನು ಮೇಜಿನ ಮೇಲಿಟ್ಟು ಎಡ ಅಂಚನ್ನು ಬಲ ಅಂಚಿನ ಮೇಲೆ ತನ್ನಿ. ಮಡಚಬೇಡಿ, ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಈಗ ಹಾಳೆಯನ್ನು ಒಂದು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಒತ್ತಿ. ಯಾವ ಸಲ ಕಡಿಮೆ ಎದುರೊತ್ತಿತೋ ಆ ಸಲದ ಬಾಗಿನ ಗೆರೆಯೇ ನಾರಿನ ದಿಕ್ಕು. ಅನುಮಾನವಿದ್ದರೆ ಒಂದು ತುಂಡನ್ನು ಹರಿದು ನೋಡಿ. ನಾರಿನ ಗುಂಟ ಹರಿದರೆ ಗೆರೆ ಹೆಚ್ಚುಕಡಿಮೆ ನೇರ ಬರುತ್ತದೆ, ಅಡ್ಡ ಹರಿದರೆ ಅಂಕುಡೊಂಕು. ರಟ್ಟಿಗೂ ಇದೇ ಗುಣ ಇದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿದರೆ ಗೊತ್ತಾಗುತ್ತದೆ.

ಬಟ್ಟೆಯಲ್ಲಿ ದಿಕ್ಕು ಕಣ್ಣಿಗೇ ಕಾಣುತ್ತದೆ. ಥಾನಿನ ಅಂಚಿನ ಗುಂಟ ಹೋಗುವುದು ಹಾಸಿನ ಎಳೆ, ಅದಕ್ಕೆ ಅಡ್ಡ ಹೋಗುವುದು ಹೊಕ್ಕಿನ ಎಳೆ. ಹಾಸಿನ ಕಡೆಗೆ ಎಳೆದರೆ ಬಟ್ಟೆ ಜಗ್ಗುವುದೇ ಇಲ್ಲ ಅನ್ನಬಹುದು. ಹೊಕ್ಕಿನ ಕಡೆಗೆ ತುಸು ಜಗ್ಗುತ್ತದೆ. ಮೂಲೆಯಿಂದ ಮೂಲೆಗೆ, ಅಂದರೆ 45 ಡಿಗ್ರಿ ಓರೆಯಲ್ಲಿ ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಅಂಚು ಇಲ್ಲದ ತುಂಡುಬಟ್ಟೆ ಸಿಕ್ಕರೆ ಹೀಗೆ ಎಳೆದೇ ದಿಕ್ಕು ಕಂಡುಹಿಡಿಯಬೇಕು. ಕಂಡುಹಿಡಿದ ಕೂಡಲೇ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಒಂದು ಬಾಣದ ಗುರುತು ಹಾಕಿಬಿಡಿ. ಕಾಗದಕ್ಕೂ ರಟ್ಟಿಗೂ ಅಷ್ಟೇ.

ನೋಟ್‌ಬುಕ್ಕಿನ ನಿಯಮ ಒಂದೇ: ಒಳಹಾಳೆ, ರಟ್ಟು, ಹೊದಿಕೆಯ ಬಟ್ಟೆ, ಎಲ್ಲದರ ಬಾಣವೂ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ, ಮೇಲಿಂದ ಕೆಳಕ್ಕೆ ಇರಬೇಕು.

ನೋಟ್‌ಬುಕ್ ಇಷ್ಟೇ ದೊಡ್ಡದು ಯಾಕೆ

ಸಾಮಾನ್ಯವಾಗಿ ಸಿಗುವ ಎ4 ಹಾಳೆ 210 ಮಿಮೀ ಅಗಲ, 297 ಮಿಮೀ ಉದ್ದ. ಅದರ ನಾರು ಹೆಚ್ಚಾಗಿ ಉದ್ದದ ಕಡೆಗೆ ಓಡುತ್ತದೆ. ಅದನ್ನು ಹಾಗೇ ಅರ್ಧಕ್ಕೆ ಮಡಚಿ ಪುಸ್ತಕ ಮಾಡಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ಮಡಿಕೆಯ ಅಂಚು ಒರಟಾಗುತ್ತದೆ, ಪುಟಗಳು ಎದ್ದೆದ್ದು ನಿಲ್ಲುತ್ತವೆ. ಅದೇ ಹಾಳೆಯನ್ನು ಮೊದಲು ಅಡ್ಡಕ್ಕೆ ಕತ್ತರಿಸಿ 210 × 148 ಮಿಮೀನ ಎರಡು ತುಂಡು ಮಾಡಿ, ಆ ತುಂಡುಗಳನ್ನು ಅರ್ಧಕ್ಕೆ ಮಡಚಿ ನೋಡಿ. ಈಗ ಮಡಿಕೆ ನಾರಿನ ಗುಂಟವೇ ಬರುತ್ತದೆ. ಪುಟದ ಅಳತೆ 105 × 148 ಮಿಮೀ, ಅಂದರೆ ಎ6. ಜೇಬಿಗೂ ಹೊಂದುತ್ತದೆ, ಪುಟಗಳೂ ತಾವಾಗಿಯೇ ಅಗಲವಾಗಿ ಬಿಚ್ಚಿಕೊಳ್ಳುತ್ತವೆ. ಮೊದಲ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೇಕಾಗುವ ಸಾಮಾನು: 80 ಜಿಎಸ್‌ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ) ಎ4 ಹಾಳೆ ನಾಲ್ಕು, ಸ್ವಲ್ಪ ದಪ್ಪನೆಯ ಬಣ್ಣದ ಹಾಳೆ ಒಂದು, 2 ಮಿಮೀ ದಪ್ಪದ ರಟ್ಟು, ಒತ್ತಾಗಿ ನೇಯ್ದ ತೆಳು ಹತ್ತಿ ಬಟ್ಟೆ, ಟಿಶ್ಯೂ ಕಾಗದದಂಥ ತೆಳುವಾದ ದೊಡ್ಡ ಹಾಳೆ, ಮೈದಾ, ಬಿಳಿ ಪಿವಿಎ ಅಂಟು, ಬ್ರಷ್, ಗಟ್ಟಿ ದಾರ, ಸೂಜಿ, ದಬ್ಬಣ, ಲೋಹದ ಸ್ಕೇಲು, ಕಟರ್. ಮಡಿಕೆ ತೀಡಲು ನುಣುಪಾದ ಚಮಚದ ಹಿಂಬದಿ ಸಾಕು. ಗ್ಲೂ ಗನ್ ಮಾತ್ರ ಬೇಡ. ಅದರ ಅಂಟು ಗುಡ್ಡೆಯಾಗಿ ನಿಲ್ಲುತ್ತದೆ, ಬಟ್ಟೆಯ ಕೆಳಗೆ ಉಬ್ಬು ಕಾಣುತ್ತದೆ.

ಬಟ್ಟೆಗೆ ಕಾಗದದ ಬೆನ್ನು

ಬಟ್ಟೆಯನ್ನು ನೇರವಾಗಿ ರಟ್ಟಿಗೆ ಅಂಟಿಸಲು ಹೋಗಬೇಡಿ. ಎಳೆಗಳ ನಡುವಿನ ಕಿಂಡಿಗಳಿಂದ ಅಂಟು ಮೇಲಕ್ಕೆ ಬಂದು ಕಲೆ ಕಟ್ಟುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಅದಕ್ಕೇ ಬಟ್ಟೆಯ ಹಿಂದೆ ಮೊದಲು ತೆಳು ಕಾಗದ ಅಂಟಿಸಿಕೊಳ್ಳಬೇಕು. ಒಂದು ರಾತ್ರಿ ಕಾಯಬೇಕಾದ ಕೆಲಸ, ಆದರೆ ನೋಟ್‌ಬುಕ್ಕಿನ ಅಂದ ನಿಂತಿರುವುದೇ ಇದರ ಮೇಲೆ.

ಬಟ್ಟೆಯನ್ನು ಮೊದಲು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಹೊಸ ಬಟ್ಟೆಯ ಗಂಜಿ ಹೋಗಬೇಕು, ಕುಗ್ಗುವುದು ಈಗಲೇ ಕುಗ್ಗಿಬಿಡಬೇಕು. 30 × 24 ಸೆಂಮೀ ತುಂಡು ಕತ್ತರಿಸಿ. ಹಾಸಿನ ಎಳೆ 24 ಸೆಂಮೀ ಕಡೆಗೆ ಇರಲಿ. ತೆಳು ಕಾಗದ ಸುತ್ತಲೂ 2 ಸೆಂಮೀ ದೊಡ್ಡದಾಗಿರಬೇಕು, ಅಂದರೆ 34 × 28 ಸೆಂಮೀ. ಅದರ ನಾರು 28 ಸೆಂಮೀ ಕಡೆಗೆ.

ಒಂದು ಪಾಲು ಮೈದಾಗೆ ಐದು ಪಾಲು ತಣ್ಣೀರು ಹಾಕಿ ಗಂಟಿಲ್ಲದಂತೆ ಕಲಸಿ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಹಾಲಿನ ಬಿಳುಪು ಹೋಗಿ ತುಸು ಪಾರದರ್ಶಕವಾಗಿ, ಚಮಚಕ್ಕೆ ಅಂಟಿ ನಿಧಾನವಾಗಿ ಜಾರುವಾಗ ಇಳಿಸಿ. ತಣ್ಣಗಾದ ಮೇಲೆ ಜರಡಿ ಹಿಡಿಯಿರಿ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ, ವಾಸನೆ ಬಂದರೆ ಚೆಲ್ಲಿ.

ನುಣುಪಾದ ಗಾಜು ಅಥವಾ ಪ್ಲಾಸ್ಟಿಕ್ ಹಲಗೆಯ ಮೇಲೆ ಬಟ್ಟೆಯನ್ನು ಮಗುಚಿ ಹಾಸಿ. ನೀರು ಚಿಮುಕಿಸಿ ಅಂಗೈಯಿಂದ ನಡುವಿನಿಂದ ಅಂಚಿಗೆ ತೀಡಿ. ಎಳೆಗಳು ನೇರವಾಗಿವೆಯೇ ಎಂದು ನೋಡುವ ಹೊತ್ತು ಇದೇ. ಗೆರೆ ಗೆರೆ ಬಟ್ಟೆಯಾದರೆ ಸ್ಕೇಲು ಇಟ್ಟು ನೋಡಿ, ಸೊಟ್ಟಗಿದ್ದರೆ ಬೆರಳಿನಿಂದ ಸರಿಸಿ. ಒದ್ದೆ ಬಟ್ಟೆ ಹೇಳಿದ ಮಾತು ಕೇಳುತ್ತದೆ. ಇನ್ನೊಂದು ಹಲಗೆಯ ಮೇಲೆ ತೆಳು ಕಾಗದ ಇಟ್ಟು ಪೂರ್ತಿ ಅಂಟು ಬಳಿಯಿರಿ. ಒಂದು ನಿಮಿಷ ಬಿಟ್ಟರೆ ಕಾಗದ ಹಿಗ್ಗಿ ಮೆತ್ತಗಾಗುತ್ತದೆ. ಆಮೇಲೆ ಎರಡು ಮೂಲೆ ಹಿಡಿದೆತ್ತಿ, ಅಂಟಿನ ಬದಿ ಕೆಳಗೆ ಬರುವಂತೆ ಬಟ್ಟೆಯ ಮೇಲೆ ಇಳಿಸಿ. ಒಣ ಬ್ರಷ್‌ನಿಂದ ನಡುವಿನಿಂದ ಹೊರಕ್ಕೆ ತೀಡಿ ಗಾಳಿಗುಳ್ಳೆ ತೆಗೆಯಿರಿ. ಸುತ್ತಲಿನ 2 ಸೆಂಮೀ ಕಾಗದ ಹಲಗೆಗೆ ಅಂಟಿಕೊಳ್ಳುತ್ತದೆ. ಒಣಗುವಾಗ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯುವುದು ಇದೇ ಅಂಚು. ಫ್ಯಾನಿನ ಕೆಳಗೆ, ಬಿಸಿಲಿಗೆ ಇಟ್ಟು ಅವಸರ ಮಾಡಬೇಡಿ. ಮರುದಿನ ಒಂದು ಮೂಲೆಗೆ ಕಟರ್ ತುದಿ ತೂರಿಸಿ ಬಿಡಿಸಿದರೆ ಚರಚರ ಸದ್ದು ಮಾಡುತ್ತಾ ಇಡೀ ಹಾಳೆ ಎದ್ದು ಬರುತ್ತದೆ. ಈಗ ಅದನ್ನು ಕಾಗದದಂತೆ ಕತ್ತರಿಸಬಹುದು, ಅಂಚಿನ ಎಳೆ ಬಿಚ್ಚುವುದಿಲ್ಲ.

ಹೊಲಿಗೆ

ನಾಲ್ಕು ಎ4 ಹಾಳೆಗಳಿಂದ ಎಂಟು ತುಂಡು ಬರುತ್ತವೆ. ಒಂದೊಂದನ್ನೂ ಬೇರೆಬೇರೆಯಾಗಿ ಮಡಚಿ, ಚಮಚದ ಹಿಂಬದಿಯಿಂದ ತೀಡಿ, ಒಂದರೊಳಗೊಂದು ಕೂರಿಸಿ. ಒಟ್ಟು 32 ಪುಟ. ಬಣ್ಣದ ಹಾಳೆಯನ್ನೂ ಅದೇ ಅಳತೆಗೆ ಕತ್ತರಿಸಿ, ಮಡಚಿ, ಎಲ್ಲದರ ಹೊರಗೆ ಹೊದಿಸಿ. ಇದಕ್ಕೂ ನಾರಿನ ದಿಕ್ಕು ನೋಡುವುದನ್ನು ಮರೆಯಬೇಡಿ. ಮುಂದೆ ರಟ್ಟಿಗೆ ಅಂಟುವ ಹಾಳೆ ಇದೇ. ಒಳಗಿನ ಹಾಳೆಗಳು ಅಂಚಿನಲ್ಲಿ ಕೂದಲೆಳೆಯಷ್ಟು ಹೊರಗೆ ಚಾಚುತ್ತವೆ, ಅದು ಸಹಜ. ಬೇಕಿದ್ದರೆ ಹೊಲಿದ ಮೇಲೆ ಸ್ಕೇಲು ಇಟ್ಟು ಕಟರ್‌ನಿಂದ ಹಗುರವಾಗಿ ಹಲವು ಸಲ ಎಳೆದು ಸಮ ಮಾಡಿ. ಒಂದೇ ಏಟಿಗೆ ಕತ್ತರಿಸಲು ಜೋರಾಗಿ ಒತ್ತಿದರೆ ಕಟರ್ ಜಾರುತ್ತದೆ.

ಹೆಚ್ಚಿನ ಬಲಕ್ಕೆ 5 × 13 ಸೆಂಮೀ ತೆಳು ಬಟ್ಟೆಯ ಪಟ್ಟಿಯೊಂದನ್ನು ಬೆನ್ನಿನ ಹೊರಗೆ ಇಟ್ಟು ಹಾಳೆಗಳ ಜೊತೆಗೇ ಹೊಲಿಯಬೇಕು. ನೋಟ್‌ಬುಕ್ಕನ್ನು ರಟ್ಟಿಗೆ ಕಟ್ಟಿಹಾಕುವುದು ಈ ಪಟ್ಟಿ. ಇದನ್ನು ಬಿಟ್ಟರೆ ಕೆಲವೇ ತಿಂಗಳಲ್ಲಿ ಬಣ್ಣದ ಹಾಳೆ ಮಡಿಕೆಯಲ್ಲಿ ಹರಿಯುತ್ತದೆ.

ಹಾಳೆಗಳನ್ನು ನಡುಪುಟಕ್ಕೆ ಬಿಚ್ಚಿ, ಮಡಿಕೆಯ ಗೆರೆಯ ಮೇಲೆ ಮೂರು ಗುರುತು ಹಾಕಿ: ಸರಿಯಾಗಿ ನಡುವೆ 74 ಮಿಮೀಗೆ ಒಂದು, ಮೇಲಿನ ಮತ್ತು ಕೆಳಗಿನ ತುದಿಯಿಂದ 20 ಮಿಮೀ ಬಿಟ್ಟು ಒಂದೊಂದು. ದಬ್ಬಣದಿಂದ ಒಳಗಿನಿಂದ ಹೊರಕ್ಕೆ ಚುಚ್ಚಿ. ದಾರ 45 ಸೆಂಮೀ ಇರಲಿ. ಜೇನುಮೇಣ ಇದ್ದರೆ ಅದರ ಮೇಲೊಮ್ಮೆ ಎಳೆಯಿರಿ, ಗಂಟು ಬೀಳುವುದಿಲ್ಲ.

1. ಹೊರಗಿನಿಂದ ನಡುವಿನ ತೂತಿಗೆ ಸೂಜಿ ಹಾಕಿ ಒಳಕ್ಕೆ ಬನ್ನಿ. ಹೊರಗೆ ಅರ್ಧ ಗೇಣು ದಾರ ಬಿಟ್ಟಿರಿ.
2. ಒಳಗಿನಿಂದ ಮೇಲಿನ ತೂತಿಗೆ ಹೋಗಿ ಹೊರಗೆ ಬನ್ನಿ.
3. ಹೊರಗೆ ನಡುವಿನ ತೂತನ್ನು ದಾಟಿಕೊಂಡು ಸೀದಾ ಕೆಳಗಿನ ತೂತಿಗೆ ಹೋಗಿ ಒಳಕ್ಕೆ ಬನ್ನಿ.
4. ಒಳಗಿನಿಂದ ಮತ್ತೆ ನಡುವಿನ ತೂತಿನಿಂದ ಹೊರಗೆ ಬನ್ನಿ. ಅಲ್ಲಿರುವ ದಾರವನ್ನು ಸೂಜಿ ಚುಚ್ಚದಂತೆ ನೋಡಿಕೊಳ್ಳಿ.
5. ದಾರದ ಎರಡು ತುದಿಗಳು ಹೊರಗಿನ ಉದ್ದ ಹೊಲಿಗೆಯ ಎಡಕ್ಕೊಂದು ಬಲಕ್ಕೊಂದು ಇರಲಿ. ಮಡಿಕೆಯ ಗುಂಟ ಎಳೆದು ಬಿಗಿ ಮಾಡಿ, ಆ ಹೊಲಿಗೆಯನ್ನೂ ಸೇರಿಸಿ ಎರಡು ಗಂಟು ಹಾಕಿ.

ಅಡ್ಡಕ್ಕೆ ಎಳೆದರೆ ತೂತು ಹರಿಯುತ್ತದೆ, ಎಳೆಯುವುದು ಯಾವಾಗಲೂ ಬೆನ್ನಿನ ಗುಂಟವೇ. ಗಂಟು ಹೊರಗೆ ಬಿದ್ದದ್ದು ಒಳ್ಳೆಯದೇ ಆಯಿತು. ಹೊದಿಕೆ ಬಂದ ಮೇಲೆ ಕಾಣುವುದಿಲ್ಲ, ನಡುಪುಟದಲ್ಲಿ ಬರೆಯುವಾಗ ಪೆನ್ನಿಗೂ ಅಡ್ಡ ಬರುವುದಿಲ್ಲ.

ಹೊದಿಕೆ

ರಟ್ಟಿನಲ್ಲಿ 105 × 154 ಮಿಮೀನ ಎರಡು ತುಂಡು ಕತ್ತರಿಸಿ. ಬಟ್ಟೆಯ ಹಾಳೆಯನ್ನು 260 × 194 ಮಿಮೀಗೆ ಇಳಿಸಿ. ಅದರ ಹಿಂಬದಿಯಲ್ಲಿ ಸುತ್ತಲೂ 20 ಮಿಮೀ ಒಳಗೆ ಗೆರೆ ಎಳೆಯಿರಿ. ಎರಡು ರಟ್ಟುಗಳ ನಡುವೆ 10 ಮಿಮೀ ಜಾಗ ಉಳಿಯುತ್ತದೆ. ಬೆನ್ನು ಬಾಗುವುದು ಅಲ್ಲಿ. ಈ ಜಾಗ ಕಡಿಮೆಯಾದರೆ ಪುಸ್ತಕ ಮುಚ್ಚುವಾಗ ಬಿಗಿಯುತ್ತದೆ.

ಪಿವಿಎ ಅಂಟು ಮತ್ತು ಮೈದಾ ಅಂಟನ್ನು ಸಮಸಮ ಬೆರೆಸಿಕೊಳ್ಳಿ. ಬರೀ ಪಿವಿಎ ಬೇಗ ಹಿಡಿದುಬಿಡುತ್ತದೆ, ಬೆರೆಸಿದರೆ ಸರಿಸಿ ಕೂರಿಸಲು ಸ್ವಲ್ಪ ಹೊತ್ತು ಸಿಗುತ್ತದೆ. ಅಂಟನ್ನು ರಟ್ಟಿಗೆ ಹಚ್ಚಿ, ಗೆರೆಯ ಮೇಲೆ ಕೂರಿಸಿ, ಮಗುಚಿ, ಮೇಲೊಂದು ಕಾಗದವಿಟ್ಟು ತೀಡಿ. ಆಮೇಲೆ ಬಟ್ಟೆಯ ನಾಲ್ಕು ಮೂಲೆಗಳನ್ನು ಓರೆಯಾಗಿ ಕತ್ತರಿಸಿ. ಕತ್ತರಿಸಿದ ಗೆರೆಗೂ ರಟ್ಟಿನ ಮೂಲೆಗೂ ನಡುವೆ 3 ರಿಂದ 4 ಮಿಮೀ ಬಟ್ಟೆ ಉಳಿಯಲೇಬೇಕು. ಉಳಿಯದಿದ್ದರೆ ಮೂಲೆಯಲ್ಲಿ ರಟ್ಟು ಇಣುಕುತ್ತದೆ. ಜಾಸ್ತಿ ಉಳಿದರೆ ಮೂಲೆ ದಪ್ಪಗಾಗುತ್ತದೆ. ಮೇಲಿನ ಮತ್ತು ಕೆಳಗಿನ ಅಂಚನ್ನು ಮೊದಲು ಒಳಕ್ಕೆ ಮಡಚಿ ಅಂಟಿಸಿ. ಮೂಲೆಯಲ್ಲಿ ಚಾಚಿಕೊಂಡ ಪುಟ್ಟ ಕಿವಿಯನ್ನು ಉಗುರಿನಿಂದ ಒಳಕ್ಕೆ ಅದುಮಿ, ಆಮೇಲೆ ಪಕ್ಕದ ಅಂಚುಗಳನ್ನು ಮಡಚಿ. ನಡುವಿನ ಜಾಗದಲ್ಲಿ ಬಟ್ಟೆ ಬಟ್ಟೆಗೆ ಅಂಟುವಂತೆ ಚಮಚದಿಂದ ಒತ್ತಿ. ದಪ್ಪ ಪುಸ್ತಕಗಳ ಭಾರ ಹೇರಿ ಒಂದೆರಡು ಗಂಟೆ ಬಿಡಿ.

ಕೊನೆಗೆ ಎರಡನ್ನೂ ಸೇರಿಸುವುದು. ಹೊಲಿದ ಹಾಳೆಗಳನ್ನು ಹೊದಿಕೆಯೊಳಗೆ ಇಟ್ಟು ಮೇಲೆ, ಕೆಳಗೆ, ಮುಂದೆ ಸಮನಾಗಿ ರಟ್ಟು ಚಾಚಿದೆಯೇ ನೋಡಿ. ಬಣ್ಣದ ಹಾಳೆಯ ಮೊದಲ ಅರ್ಧದ ಕೆಳಗೆ ರದ್ದಿ ಕಾಗದ ತೂರಿಸಿ. ಮೊದಲು ಬಟ್ಟೆ ಪಟ್ಟಿಯ ಕೆಳಗೆ ಅಂಟು ಹಚ್ಚಿ ಅದನ್ನು ಬಣ್ಣದ ಹಾಳೆಗೆ ಕೂರಿಸಿ. ಆಮೇಲೆ ಇಡೀ ಹಾಳೆಗೆ, ಪಟ್ಟಿಯ ಮೇಲೂ ಸೇರಿಸಿ, ತೆಳ್ಳಗೆ ಅಂಟು ಬಳಿಯಿರಿ. ರದ್ದಿ ಕಾಗದ ಎಳೆದುಬಿಟ್ಟು ರಟ್ಟನ್ನು ಅದರ ಮೇಲೆ ಮುಚ್ಚಿ. ಹಾಳೆಯನ್ನು ರಟ್ಟಿನ ಕಡೆಗೆ ಎತ್ತಬೇಡಿ, ರಟ್ಟೇ ಹಾಳೆಯ ಮೇಲೆ ಬರಬೇಕು. ಪುಸ್ತಕ ಮಗುಚಿ ಇನ್ನೊಂದು ಬದಿಗೂ ಹೀಗೇ ಮಾಡಿ. ಅಂಟಿದ ಹಾಳೆಗೂ ಒಳಪುಟಕ್ಕೂ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಭಾರ ಹೇರಿ, ಒಂದು ರಾತ್ರಿ ಬಿಡಿ. ನೋಡುವ ಆಸೆಗೆ ನಡುವೆ ಪೂರ್ತಿ ಬಿಚ್ಚಬೇಡಿ. ಒದ್ದೆ ಹಾಳೆ ಬೆನ್ನಿನ ಹತ್ತಿರ ಸುಕ್ಕುಗಟ್ಟಿದರೆ ಅದನ್ನು ತೀಡಿ ಸರಿ ಮಾಡಲು ಆಗುವುದಿಲ್ಲ.

ಲಾಡಿ ಚೀಲ

ಒಗೆದು ಇಸ್ತ್ರಿ ಮಾಡಿದ ಹತ್ತಿ ಬಟ್ಟೆಯಲ್ಲಿ 17 × 46 ಸೆಂಮೀ ತುಂಡು ಕತ್ತರಿಸಿ. ಹಾಸಿನ ಎಳೆ 46 ಸೆಂಮೀ ಕಡೆಗೆ ಇರಲಿ, ಭಾರ ಬೀಳುವುದು ಆ ಕಡೆಗೆ. ಹೊಲಿದ ಮೇಲೆ 15 × 20 ಸೆಂಮೀ ಚೀಲವಾಗುತ್ತದೆ. ಕತ್ತರಿಸುವ ಗೆರೆ ನೇರ ಬರಬೇಕಾದರೆ ಬಟ್ಟೆಯಿಂದ ಒಂದು ಎಳೆಯನ್ನು ಹೊರಕ್ಕೆ ಎಳೆಯಿರಿ. ಎಳೆ ಹೋದ ಜಾಗದಲ್ಲಿ ಸಣ್ಣ ದಾರಿ ಮೂಡುತ್ತದೆ, ಅದರ ಮೇಲೆಯೇ ಕತ್ತರಿ ಓಡಿಸಿ. ಯಾವ ಸ್ಕೇಲೂ ಇಷ್ಟು ನೇರ ಗೆರೆ ಕೊಡುವುದಿಲ್ಲ.

ಬಟ್ಟೆಯ ಒಳ್ಳೆಯ ಮುಖ ಒಳಗೆ ಬರುವಂತೆ ಅರ್ಧಕ್ಕೆ ಮಡಚಿ. ಮಡಿಕೆಯೇ ಚೀಲದ ತಳ. ಎರಡೂ ಪಕ್ಕಗಳನ್ನು ಅಂಚಿನಿಂದ 1 ಸೆಂಮೀ ಒಳಗೆ ಹೊಲಿಯಿರಿ, ಆದರೆ ಮೇಲಿನ ತುದಿಯಿಂದ 5 ಸೆಂಮೀ ಹೊಲಿಯದೆ ಬಿಡಿ. ಇಲ್ಲಿ ಸುಮ್ನೆ ರನ್ನಿಂಗ್ ಹೊಲಿಗೆ ಹಾಕಿ ಮುಗಿಸಬೇಡಿ, ಒಂದು ಕಡೆ ದಾರ ತುಂಡಾದರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಬ್ಯಾಕ್ ಸ್ಟಿಚ್ ಹಾಕಿ. ಸೂಜಿ 2 ರಿಂದ 3 ಮಿಮೀ ಮುಂದೆ ಮೇಲೆ ಬರಲಿ, ಹಿಂದಿನ ಹೊಲಿಗೆ ಮುಗಿದ ತೂತಿಗೆ ವಾಪಸ್ ಹೋಗಲಿ. ನಿಧಾನ ಆಗುತ್ತದೆ, ಆದರೆ ಯಂತ್ರದ ಹೊಲಿಗೆಯಷ್ಟೇ ಗಟ್ಟಿ. ದಾರ 45 ಸೆಂಮೀಗಿಂತ ಉದ್ದ ಬೇಡ, ಸಿಕ್ಕುಬೀಳುತ್ತದೆ.

ಹೊಲಿಗೆಯ ಅಂಚುಗಳನ್ನು ಎರಡು ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ. ಹೊಲಿಯದೆ ಬಿಟ್ಟ 5 ಸೆಂಮೀ ಅಂಚೂ ಹೀಗೇ ಮಡಚಿಕೊಳ್ಳಲಿ, ಆ ಸೀಳಿನ ಸುತ್ತ ಒಂದು ಸಾಲು ಹೊಲಿಗೆ ಹಾಕಿ. ಈಗ ಬಾಯಿಯ ಅಂಚನ್ನು ಒಳಗೆ ಮೊದಲು 1 ಸೆಂಮೀ, ಆಮೇಲೆ 2 ಸೆಂಮೀ ಮಡಚಿ, ಮಡಿಕೆಯ ಕೆಳ ಅಂಚಿನಲ್ಲಿ ಹೊಲಿಯಿರಿ. ಮುಂಭಾಗಕ್ಕೂ ಹಿಂಭಾಗಕ್ಕೂ ಲಾಡಿ ತೂರಿಸಲು ಒಂದೊಂದು ಟೊಳ್ಳು ಪಟ್ಟಿ ಸಿಕ್ಕಿತು. 50 ಸೆಂಮೀ ಉದ್ದದ ಎರಡು ಲಾಡಿ ತೆಗೆದುಕೊಳ್ಳಿ. ಒಂದನ್ನು ಪಿನ್ನಿಗೆ ಸಿಕ್ಕಿಸಿ ಎಡ ಸೀಳಿನಿಂದ ತೂರಿಸಿ, ಎರಡೂ ಪಟ್ಟಿ ಸುತ್ತಿಸಿ ಎಡಕ್ಕೇ ತಂದು ಗಂಟು ಹಾಕಿ. ಇನ್ನೊಂದನ್ನು ಬಲದಿಂದ ಹೊರಡಿಸಿ ಬಲಕ್ಕೇ ತನ್ನಿ. ಎರಡೂ ಕಡೆ ಒಟ್ಟಿಗೆ ಎಳೆದರೆ ಬಾಯಿ ಪೂರ್ತಿ ಮುಚ್ಚುತ್ತದೆ.

ಕಾಗದದ ಡಬ್ಬಿ

ಇದಕ್ಕೆ ಅಂಟೂ ಬೇಡ, ದಾರವೂ ಬೇಡ. ಜಪಾನಿನ ಒರಿಗಾಮಿಯಲ್ಲಿ ಮಾಸು ಎಂದು ಕರೆಯುವ ಚೌಕ ಡಬ್ಬಿ. ಮುಚ್ಚಳಕ್ಕೆ 21 ಸೆಂಮೀ ಚೌಕ, ಡಬ್ಬಿಗೆ 20.5 ಸೆಂಮೀ ಚೌಕ ಕತ್ತರಿಸಿ. 100 ಜಿಎಸ್‌ಎಂ ಆಸುಪಾಸಿನ ಹಾಳೆ ಚೆನ್ನ. ಇಲ್ಲಿ ಮುಖ್ಯ ಮಡಿಕೆಗಳೆಲ್ಲ ನಾರಿಗೆ 45 ಡಿಗ್ರಿ ಓರೆಯಲ್ಲಿ ಬೀಳುತ್ತವೆ. ಹೀಗಾಗಿ ನಾಲ್ಕೂ ಗೋಡೆಗಳು ಒಂದೇ ರೀತಿ ಮಡಚಿಕೊಳ್ಳುತ್ತವೆ, ದಿಕ್ಕು ನೋಡುವ ಕೆಲಸವೇ ಇಲ್ಲ.

ಚೌಕದ ಎರಡೂ ಮೂಲೆಗೆರೆಗಳನ್ನು ಮಡಚಿ ಬಿಚ್ಚಿ. ನಾಲ್ಕು ಮೂಲೆಗಳನ್ನೂ ನಡುವಿನ ಬಿಂದುವಿಗೆ ತಂದು ಮಡಚಿ. ಈಗ ಸಿಕ್ಕ ಸಣ್ಣ ಚೌಕದ ಎದುರುಬದುರು ಎರಡು ಅಂಚುಗಳನ್ನು ನಡುಗೆರೆಗೆ ಮಡಚಿ ಬಿಚ್ಚಿ, ಉಳಿದೆರಡಕ್ಕೂ ಹಾಗೇ ಮಾಡಿ. ಎದುರುಬದುರಿನ ಎರಡು ಮೂಲೆಗಳನ್ನು ಪೂರ್ತಿ ಬಿಡಿಸಿ. ಮಡಚಿಯೇ ಇರುವ ಎರಡು ಬದಿಗಳನ್ನು ಗೋಡೆಯಂತೆ ನಿಲ್ಲಿಸಿ. ಬಿಡಿಸಿದ ಒಂದು ತುದಿಯನ್ನು ಮೇಲೆತ್ತಿದಾಗ ಎರಡೂ ಪಕ್ಕದಲ್ಲಿ ತ್ರಿಕೋನಗಳು ತಾವಾಗಿಯೇ ಒಳಕ್ಕೆ ಸರಿಯುತ್ತವೆ. ಆ ತುದಿಯನ್ನು ಗೋಡೆಯ ಮೇಲಿಂದ ಒಳಗೆ ಮಡಚಿ, ಮೂಲೆಯನ್ನು ತಳದ ನಡುವಿಗೆ ಮಲಗಿಸಿ. ಇನ್ನೊಂದು ತುದಿಗೂ ಅಷ್ಟೇ. ಡಬ್ಬಿಯ ತಳ ಸುಮಾರು 7.2 ಸೆಂಮೀ, ಮುಚ್ಚಳದ್ದು 7.4 ಸೆಂಮೀ ಬರುತ್ತದೆ. ಎತ್ತರ ಅದರ ಅರ್ಧ.

ತಳದ ನಾಲ್ಕು ತುದಿಗಳು ಮೇಲೇಳದಂತೆ ನೋಟ್‌ಬುಕ್ಕಿಗೆ ಮಾಡಿದಂತೆ ಕಾಗದದ ಬೆನ್ನು ಕೊಟ್ಟ ಬಟ್ಟೆಯಲ್ಲಿ 7 ಸೆಂಮೀ ಚೌಕ ಕತ್ತರಿಸಿ ಒಳಗೆ ಹಾಸಿ. ಮುಚ್ಚಳ ಬಿಗಿಯಾಗಿ ಡಬ್ಬಿಯ ಗೋಡೆ ಒಳಕ್ಕೆ ಬಾಗುತ್ತಿದ್ದರೆ ಡಬ್ಬಿಯ ಚೌಕವನ್ನು 2 ಮಿಮೀ ಚಿಕ್ಕದು ಮಾಡಿ ಇನ್ನೊಮ್ಮೆ ಮಡಚಿ. ಮುಚ್ಚಳ ಸಡಿಲವಾಗಿದ್ದರೆ 2 ಮಿಮೀ ದೊಡ್ಡದು ಮಾಡಿ.